ತವರಿನಿಂದ ಬಂದ ಮಾತು

ಮೌನಪ್ಪ ಗೇಟಿನ ಚಿಲಕಕ್ಕೆ ಕೈ ಹಾಕಿದವನು ಮತ್ತೆ ಹಿಂದೆ ತೆಗೆದ. ಅಷ್ಟರಲ್ಲಿ ಬೆಳ್ಳಿ ಅವನ ವಾಸನೆ ಹಿಡಿದು, ಬಾಲವೇನು, ಇಡೀ ಮೈಯನ್ನೇ ಅಲ್ಲಾಡಿಸುತ್ತ ಓಡಿಬಂದಳು. ಅವಳ ಹಿಂದೆಯೇ ಗೋದಾವರಿಬಾಯಿಯವರ ದನಿ: "ಯಾಕ್ರೀ ಬೀಗರ, ಹೊರಗ ನಿಂತೀರಿ? ಮಗಳ ಮನಿಗೆ ಬರ್ಲಿಕ್ಕೂ ಮುಹೂರ್ತ ನೋಡ್ತೀರೇನು?"

ಈ ಬೀಗತನ ಹುಟ್ಟಿದ್ದೇ ಬೆಳ್ಳಿಯಿಂದ. ಈ ಮನೆಯ ಮೇಲಂತಸ್ತು ಕಟ್ಟಲು ಬಂದಿದ್ದ ಗೌಂಡಿ ಮೌನಪ್ಪ. ಸನತ್‌ನಗರದ ಅವನ ತಗಡಿನ ಶೆಡ್ಡಿನಲ್ಲಿ ಸಾಕಿದ ನಾಯಿ ಚಂದ್ರಿ ಮರಿ ಹಾಕಿದಾಗ, ಒಂದು ಹೆಣ್ಣುಮರಿಯನ್ನು ಇವರಿಗೆ ತಂದುಕೊಟ್ಟಿದ್ದ. ಹೆಣ್ಣನ್ನು ಬರಿಗೈಲಿ ಕಳಿಸಬಾರದೆಂದು ಅವನ ಹೆಂಡತಿ ಹುಸೇನಮ್ಮ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಇಟ್ಟು ಉಡಿ ತುಂಬಿ ಕಳಿಸಿದ್ದಳು. ಮನೆಯ ಯಜಮಾನರು ಪ್ರಾಣೇಶರಾಯರು ನಗುತ್ತ, "ಕುಲಗೋತ್ರ ಹೆಂಗ?" ಎಂದು ಕೇಳಿದ್ದರು. "ಅಪ್ಪಟ ರಕ್ತರೀ ಸಾಹೇಬ್ರ, ಒಂದು ಕಳಂಕ ಇಲ್ಲ" ಎಂದು ಮೌನಪ್ಪ ಎದೆ ತಟ್ಟಿ ಹೇಳಿದ್ದ. ಆ ಮಾತೇ ಈಗ ಅವನನ್ನು ಗೇಟಿನ ಹೊರಗೆ ನಿಲ್ಲಿಸಿತ್ತು.

ಹೊರಡುವಾಗ ಹುಸೇನಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಕೊಟ್ಟ ಹೆಣ್ಣು ಕುಲಕ್ಕ ಹೊರಗ. ತವರಿನ ರೋಗ ಬೀಗರ ಮುಂದ ಯಾರರ ಬಿಚ್ಚತಾರೇನು? ಕೂಸಿನ್ನ ಹೊರಗ ಹಾಕಿದ್ರ ಏನ್ ಮಾಡ್ತಿ?" ಅವನಿಗೂ ಅದೇ ಭಯ. ಆದರೂ ಗೋಡೆಯ ಮೇಲಿನ ಮೌನೇಶ್ವರನ ಪಟಕ್ಕೆ ಕೈಮುಗಿದು, "ತಂದಿ, ಬಾಯಿ ನೀನ ಬಿಡಿಸು" ಅಂದುಕೊಂಡು ಬಂದಿದ್ದ.

"ಚಂದ್ರಿ ಮೊಲಿಯಾಗ ಗಂಟಾಗಿತ್ತರೀ ಬಾಯಾರ," ಎಂದ, ಒಳಬಂದು ಮೆಟ್ಟಿಲ ಕೆಳಗೆ ನಿಂತೇ. "ದನದ ದವಾಖಾನಿಗೆ ಒಯ್ದಿದ್ದೆ. ಕ್ಯಾನ್ಸರ್ ಅಂದ್ರು. ಸಣ್ಣದಿದ್ದಾಗ ಸಿಕ್ಕೈತಿ, ಕೊಯ್ದು ತಗದಾರ. ಉಳೀತಾಳಂತ."

"ದೇವರು ದೊಡ್ಡವ. ಮತ್ತ ಮಾರಿ ಯಾಕ ಹಿಂಗ ಮಾಡೀರಿ?"

"ರಶ್ಮಿ ಡಾಕ್ಟ್ರು ಆಕಿ ರಕ್ತ ಪರೀಕ್ಷಾಕ ಕಳಿಸಿದ್ರು. ದನಕ್ಕ ಮುದ್ರಿ ಒತ್ತತೀವಲ್ರೀ, ಹಂಗ ರಕ್ತದಾಗೂ ಈ ರೋಗದ ಒಂದು ಗುರುತು ಇರ್ತೈತಂತ. ಚಂದ್ರಿಗೆ ಐತಿ. ತಾಯಿಯಿಂದ ಮಗಳಿಗೆ ಬರಬಹುದಂತ." ಬೆಳ್ಳಿ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿದ್ದಳು. ಅವನು ಅವಳತ್ತ ನೋಡಲಿಲ್ಲ. "ನಾ ಅಪ್ಪಟ ರಕ್ತ ಅಂದಿದ್ದೆ. ಗೊತ್ತಿರಲಿಲ್ಲರೀ. ಬ್ಯಾಡಂದ್ರ ಈಗ್ಲೇ ಕರ್ಕೊಂಡು ಹೋಗ್ತೀನಿ."

ಜಗಲಿಯಲ್ಲಿ ಕೂತಿದ್ದ ಪ್ರಾಣೇಶರಾಯರು ಓದುತ್ತಿದ್ದ ಪೇಪರು ಕೆಳಗಿಳಿಸಿದರು. "ಗುರುತು ಅದ ಅಂದ್ರ ಮುಗೀತೇನು?"

"ಇಲ್ರೀ ಸಾಹೇಬ್ರ. ಗುರುತಿದ್ದವರಿಗೆಲ್ಲ ರೋಗ ಬರಬೇಕಂತ ಇಲ್ಲಂತ. ಬೆಳ್ಳಿ ರಕ್ತಾನೂ ನೋಡೂಣು ಅಂದಾರ. ಇನ್ನೂ ಬೆದಿಗೆ ಬಂದಿಲ್ಲ, ಈಗ್ಲೇ ಮರಿ ಆಗದಂಗ ಆಪರೇಷನ್ ಮಾಡಿಸಿದ್ರ ಗಂಟಿನ ಭಯ ಭಾಳ ಕಡಿಮಿ ಆಗ್ತೈತಂತ. 'ಗೊತ್ತಿದ್ರ ದಾರಿ ಐತಿ ಮೌನಪ್ಪ, ಮುಚ್ಚಿಟ್ರ ಇಲ್ಲ' ಅಂದ್ರು ಡಾಕ್ಟ್ರು."

ರಾಯರು ಹೆಂಡತಿಯ ಮುಖ ನೋಡಿದರು. ಗೋದಾವರಿಬಾಯಿ ಎದ್ದು ಒಳಗೆ ಹೋದರು. ಬೆಳ್ಳಿಯ ಸರಪಳಿ ಒಳಗಿನ ಮೊಳೆಗೆ ತೂಗುಹಾಕಿರುವುದು ಮೌನಪ್ಪನಿಗೆ ಗೊತ್ತಿತ್ತು; ಅದನ್ನು ತರಲೆಂದೇ ಹೋದರೆಂದುಕೊಂಡ. ಪಾದದ ಮೇಲಿನ ಬೆಚ್ಚನೆಯ ಗದ್ದ ಹಾಗೇ ಇರಲೆಂದು ಅಲುಗಾಡದೆ ನಿಂತ.

ಅವರು ಹೊರಬಂದಾಗ ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ, ಅದರ ಮೇಲೆ ಹೊಸ ಕುಪ್ಪಸದ ಬಟ್ಟೆಯ ಒಂದು ಕಣ. "ಇದು ನಮ್ಮ ಬೀಗತಿ ಚಂದ್ರಿಗೆ. ಕೊಯ್ಸಿಕೊಂಡು ಮಲಗ್ಯಾಳ, ಅನ್ನ ಮೆತ್ತಗ ಕಲಸೀನಿ. ಕಣ ಹೊಚ್ಚರಿ, ಥಂಡಿ ಅದ. ನಾಳಿ ಬೆಳ್ಳಿನ್ನ ಕರ್ಕೊಂಡು ನಿಮ್ಮ ಡಾಕ್ಟರ್ ಹತ್ರ ಹೋಗೋಣ."

"ಹೊರಗ ಹಾಕೂದಿಲ್ಲೇನ್ರೀ?"

"ಮನಿ ತುಂಬಿಸಿಕೊಂಡ ಹೆಣ್ಣನ್ನ ಯಾರರ ಹೊರಗ ಹಾಕ್ತಾರೇನು?"

ಮೌನಪ್ಪನ ಕಣ್ಣು ತುಂಬಿತು. ಕೈಮುಗಿದು ಡಬ್ಬಿ ತೆಗೆದುಕೊಂಡು ಹೊರಟವನನ್ನು ಅವರು ತಡೆದರು.

"ಎಲ್ಲಿ ಹೊಂಟ್ರಿ? ಕೂಡ್ರಿ."

ತೋರಿಸಿದ್ದು ರಾಯರ ಪಕ್ಕದ ಬೆತ್ತದ ಕುರ್ಚಿ. ಈ ಮನೆಯ ಗೋಡೆಯನ್ನೇ ಎಬ್ಬಿಸಿದವನು ಇಷ್ಟು ದಿನ ಮೆಟ್ಟಿಲ ಮೇಲೆ ಕೂತೇ ಚಹಾ ಕುಡಿದಿದ್ದ. ಹಿಂಜರಿಯುತ್ತ ಕುರ್ಚಿಯ ಅಂಚಿಗೆ ಕೂತ.

ಗೋದಾವರಿಬಾಯಿಯವರ ಇನ್ನೊಂದು ಕೈಯಲ್ಲಿ ಫೋನಿತ್ತು. ಅದನ್ನೇ ನೋಡುತ್ತ ಹೇಳಿದರು: "ನಮ್ಮವ್ವ ಈ ಗಂಟಿನಾಗೇ ಹೋದ್ಲು. ನನಗ ಜ್ವರ ಅಂತ ಹೇಳಿದ್ರು. ಹ್ವಾದ ತಿಂಗಳ ನಮ್ಮಕ್ಕಗ ಗಂಟು ಬಂದಾಗ ಖರೇ ಗೊತ್ತಾತು. ಡಾಕ್ಟರು, ಮನ್ಯಾಗಿನ ಹೆಣ್ಣುಮಕ್ಕಳೆಲ್ಲ ತೋರಿಸ್ಕೋರಿ ಅಂದಾರ. ನಾ ತೋರಿಸ್ಕೊಂಡೆ, ಏನೂ ಇಲ್ಲ. ಆದ್ರ ಮಗಳು ಸಂಪದಾಗ ಹೇಳ್ಲಿಕ್ಕೆ ಫೋನು ತಗೋತೀನಿ, ಇಡ್ತೀನಿ. ಆಕಿ ಅತ್ತಿ ಮನ್ಯಾಗ ಏನಂತಾರೋ ಅಂತ."

"ಮತ್ತ, ಬಾಯಾರ?"

ಅವರು ಮಗಳ ನಂಬರು ಒತ್ತಿದರು.

"ಹೋಗಬ್ಯಾಡ್ರಿ ಬೀಗರ. ನೀವು ಎದುರಿಗೆ ಕೂತಿದ್ರ ನನಗೂ ಬಾಯಿ ಬರ್ತದ."