ಬಿಸಿಲಿನ ಪಾಠ

ಏರುತ್ತಿರುವ ಬಿಸಿಲು ಮನುಷ್ಯನ ಮೈಗೆ ಏನು ಮಾಡುತ್ತದೆ ಎಂಬ ಪಾಠವನ್ನು ಡಾಕ್ಟರ್ ಶಾಂಭವಿ ಹಟ ಹಿಡಿದು ತಮ್ಮ ವೈದ್ಯಕೀಯ ಕಾಲೇಜಿಗೆ ತಂದಿದ್ದರು.

"ಇದು ಪರೀಕ್ಷಾಕ್ಕ ಬರ್ತದೇನ್ರಿ ಮೇಡಂ?" ಎಂದು ತರಗತಿಯ ಮುಂದಿನ ಬೆಂಚಿನಿಂದ ಮೌನೇಶ ಕೇಳಿದ.

ಅವರು ಉತ್ತರಿಸುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಮಾಳಿಗೆಯ ಮೇಲೆ ಡಾಂಬರು ಹಾಕುತ್ತಿದ್ದ ಕೂಲಿಯವನೊಬ್ಬ ಕಬ್ಬಿಣದ ಸಲಾಕೆ ಬೀಸುತ್ತ ನುಗ್ಗಿದ. ಯಾರನ್ನೋ ಬೈಯುತ್ತ ಪ್ರೊಜೆಕ್ಟರ್ ಒಡೆದ, ಅಡ್ಡ ಬಂದ ಶಾಂಭವಿಯವರ ಹಣೆಗೆ ಬಾರಿಸಿದ. ರಕ್ತ ಕಣ್ಣಿಗಿಳಿಯಿತು.

"ಕುಡದು ಬಂದಾನ, ಹಾಕ್ರಲೇ!" ಎಂದು ಮೌನೇಶ ಕೂಗಿದ. ಹತ್ತಾರು ಹುಡುಗರು ಅವನನ್ನು ಕೆಡವಿ ಬೂಟುಗಾಲಿನಿಂದ ಒದ್ದರು. ಶಾಂಭವಿ ತಡೆಯಲಿಲ್ಲ. ನೋವಿನ ಸಿಟ್ಟಿನಲ್ಲಿ, ಒದೆ ಬೀಳಲಿ ಎಂದೇ ಅವರಿಗೆ ಅನಿಸಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಓಡಿ ಬಂದಳು. "ಹೊಡೀಬ್ಯಾಡ್ರೀ ಯಪ್ಪಾ! ಅಂವ ಕುಡಿಯಂಗಿಲ್ರೀ. ಮುಂಜಾನಿಂದ ಬಿಸಲಾಗ ನಿಂತಾನ, ಈಗ ನೋಡಿದ್ರ ಏನೇನೋ ಬಡಬಡಸಾಕತ್ತಾನ."

ಶಾಂಭವಿ ಬಗ್ಗಿ ಅವನ ಕುತ್ತಿಗೆ ಮುಟ್ಟಿದರು. ಕಾದ ಹಂಚಿನಂತಿತ್ತು, ಒಂದು ಹನಿ ಬೆವರಿರಲಿಲ್ಲ.

"ಐಸ್ ತರ್ರಿ! ಮೈಮ್ಯಾಲೆ ನೀರು ಸುರೀರಿ!"

ಒದ್ದ ಹುಡುಗರೇ ಕ್ಯಾಂಟೀನಿಗೆ ಓಡಿದರು. ಮೌನೇಶ ತನ್ನ ಅಂಗಿ ಬಿಚ್ಚಿ ಒದ್ದೆ ಮಾಡಿ ಅವನ ಎದೆಯ ಮೇಲೆ ಹಾಸಿದ. ನೂರಾ ಏಳು ಡಿಗ್ರಿ ಇದ್ದ ಮೈಕಾವು ಅರ್ಧ ಗಂಟೆಯಲ್ಲಿ ನೂರಾ ಒಂದಕ್ಕೆ ಇಳಿಯಿತು. ಅವನು ಕಣ್ಣು ಬಿಟ್ಟು ಹೆಂಡತಿಯನ್ನು ಹೆಸರು ಹಿಡಿದು ಕರೆದ. ಹುಡುಗರು ಚಪ್ಪಾಳೆ ತಟ್ಟಿದರು.

ಸಂಜೆ ವಾರ್ಡಿನಲ್ಲಿ ಅವನು ತೀರಿಕೊಂಡ. ಮರಣೋತ್ತರ ವರದಿಯಲ್ಲಿ ಬಿಸಿಲಿನ ಮಾತೇ ಇರಲಿಲ್ಲ: ಒದೆತಕ್ಕೆ ಎಡಪಕ್ಕೆಲುಬಿನ ಕೆಳಗಿನ ಗುಲ್ಮ ಒಡೆದು ಹೊಟ್ಟೆಯ ತುಂಬ ರಕ್ತ ಹರಿದಿತ್ತು.