ಗಾಳಿ ಹೋಗುವ ಕಡೆ

ಆವಲಪ್ಪ ಎತ್ತಿದ ಗುದ್ದಲಿ ಎತ್ತಿದಂತೆಯೇ ನಿಂತಿತು. ಅವನ ಅವ್ವ ಮುತ್ತಮ್ಮ ಗುಂಡಿಯೊಳಕ್ಕೆ ಇಳಿದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಸಿಮಣ್ಣಿನ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ದಂಡಿನವರ ಕಕ್ಕಸಿಗೆಂದು ಬೆಳಗಿನಿಂದ ತೋಡುತ್ತಿದ್ದ ಉದ್ದನೆಯ, ಇಕ್ಕಟ್ಟು ಗುಂಡಿ ಅದು.

"ಏಳವ್ವ. ಕೂಲಿ ಹೋಯ್ತದೆ."

"ನಿನ್ ಕೂಲಿಗೆ ಬೆಂಕಿ ಬೀಳ. ಇದು ನಮ್ಮನೆ ಬಾಗ್ಲಿಗೇ ಬಂತು, ಕಾಣಕಿಲ್ವಾ? ಒಳಗೆ ಹಸುಗೂಸು ಐತೆ. ಹೋದ ಬ್ಯಾಸಗೇಲಿ ವಾಂತಿಭೇದಿ ಬಂದು ದೊಡ್ಡದನ್ನ ಮಣ್ ಮಾಡ್ದೋನು ನೀನೇ ತಾನೆ?"

ಆವಲಪ್ಪ ಗುದ್ದಲಿ ಇಳಿಸಿದ. ಉಳಿದ ಕೂಲಿಯವರೂ ಕೈ ನಿಲ್ಲಿಸಿದರು. ಅದನ್ನು ಕಂಡು ಹವಾಲ್ದಾರ್ ಜವರಪ್ಪ ಸುಣ್ಣದ ಮೂಟೆಗಳ ಕಡೆಯಿಂದ ಬಂದ. ಪಾಳ್ಯದ ಶುಚಿತ್ವ ನೋಡಿಕೊಳ್ಳುವುದು ಅವನ ಕೆಲಸ. ಬರ್ಮಾದ ಗಡಿಯಲ್ಲಿ ಶತ್ರುವಿಗಿಂತ ಭೇದಿಗೇ ಹೆಚ್ಚು ಜನ ಸತ್ತದ್ದನ್ನು ಕಂಡು ಬಂದವನಾದ್ದರಿಂದ ಆ ಕೆಲಸವನ್ನು ಪೂಜೆಯಂತೆ ಮಾಡುತ್ತಿದ್ದ. ಅಡಿಗೆಯ ಡೇರೆಯಿಂದ ದೂರ, ನೀರಿನ ತೊಟ್ಟಿಯಿಂದ ದೂರ, ಗಾಳಿ ಹೊರಟು ಹೋಗುವ ದಿಕ್ಕು: ಎಲ್ಲ ನೋಡಿಯೇ ಈ ಜಾಗ ಆರಿಸಿದ್ದ. ಈಗ ಬಗ್ಗಿ ಒಂದು ಹಿಡಿ ಧೂಳೆತ್ತಿ ಮೇಲಿಂದ ಉದುರಿಸಿದ.

"ನೋಡಮ್ಮ, ಗಾಳಿ ಇತ್ಲಾಗಿಂದ ಬಂದು ಅತ್ಲಾಗೆ ಹೋಗ್ತದೆ. ವಾಸ್ನೆ ಬರಲ್ಲ, ನೊಣ ಬರಲ್ಲ."

ಆಷಾಢದ ಗಾಳಿ ಧೂಳನ್ನು ಹೊತ್ತುಕೊಂಡು ಹೋಯಿತು. ಹೋದ ಕಡೆಯನ್ನೇ ಮುತ್ತಮ್ಮ ನೋಡಿದಳು. ಅಲ್ಲಿ ಹುಲ್ಲಿನ ಮಾಡುಗಳ ಕೇರಿ. ಮೊದಲನೆಯ ಮನೆಯ ಮುಂದೆ ಹಗ್ಗದ ಮೇಲೆ ಕೂಸಿನ ಬಟ್ಟೆ ಪಟಪಟಿಸುತ್ತಿತ್ತು.

"ಅತ್ಲಾಗೆ ನಾವಿದೀವಲ್ಲ ಸ್ವಾಮಿ."

ಜಾಗ ಗುರುತು ಮಾಡಿದ ದಿನವೂ ಆ ಮನೆಗಳು ಅಲ್ಲೇ ಇದ್ದವು. ಗುಂಡಿ ಪಾಳ್ಯದಿಂದ ಎಷ್ಟು ದೂರ ಎಂದು ಜವರಪ್ಪ ಅಳೆದಿದ್ದನೇ ಹೊರತು, ಅವಕ್ಕೆ ಎಷ್ಟು ಹತ್ತಿರ ಎಂದು ಅಳೆದಿರಲಿಲ್ಲ.

"ಇವ್ರ ಮಾತಿಗೆ ಏನ್ ತಲೆ ಕೆಡಿಸ್ಕೋತೀರ ಹವಾಲ್ದಾರ್ರೆ," ಎಂದು ಕೊಡೆಯ ಕೆಳಗಿಂದ ಪಟೇಲ ವೆಂಕಟರಾಯಪ್ಪ ನಕ್ಕ. ಪಾಳ್ಯಕ್ಕೆ ಹಾಲು, ತರಕಾರಿ, ಕೂಲಿಯಾಳು ಎಲ್ಲ ಅವನದೇ. "ನಮ್ಮ ಹಿರೀಕರೂ ಗಾಳಿ ನೋಡ್ಕಂಡೇ ಕೇರೀನ ಅಲ್ಲಿಟ್ಟಿದ್ದು. ನಿಮ್ದೂ ನಮ್ದೂ ಒಂದೇ ಲೆಕ್ಕ." ಪಟೇಲ ನಕ್ಕದ್ದರಿಂದ ಕೂಲಿಯವರಲ್ಲಿ ಇಬ್ಬರು ನಕ್ಕರು. ಅವರೂ ಕೇರಿಯವರೇ.

ಜವರಪ್ಪ ನಗಲಿಲ್ಲ. ಸುತ್ತ ಕಣ್ಣಾಡಿಸಿದ. "ಗುಂಡಿ ಬೇರೆ ಕಡೆ ತೋಡೋಕಾಗಲ್ಲ. ಮನೆಗಳನ್ನೇ ಎತ್ತಿಸಾನ. ಊರಿಂದ ಪಡುವಲಾಗೆ ಆ ದಿಬ್ಬ ಸರ್ಕಾರಿ ಜಾಗ ಅಲ್ವಾ? ನೀರು ನಿಲ್ಲಲ್ಲ, ಗಾಳಿ ಚೊಕ್ಕವಾಗೈತೆ, ಪಕ್ಕದಲ್ಲೇ ಸಿಹಿನೀರಿನ ಬಾವಿ. ಲಾರಿ ನಮ್ಮದು, ತಗಡು ನಮ್ಮದು. ಸಾಹೇಬ್ರನ್ನ ನಾನು ಒಪ್ಪಿಸ್ತೀನಿ."

ಮುತ್ತಮ್ಮ ತಟ್ಟನೆ ಎದ್ದು ನಿಂತಳು. ಕುತ್ತಿಗೆಯವರೆಗೂ ಗುಂಡಿಯೊಳಗಿದ್ದ ಅವಳಿಗೆ, ಆ ಬದಿಯಲ್ಲಿ ತೋಡಿ ಪೇರಿಸಿದ್ದ ಮಣ್ಣು ಅಡ್ಡವಾಗಿ, ದಿಬ್ಬ ಕಾಣುತ್ತಿರಲಿಲ್ಲ. ಆದರೂ ಆ ಕಡೆ ತಿರುಗಿದಳು. "ದಿಟವಾ ಸ್ವಾಮಿ? ಊರಿನ ಮೇಲ್ಗಡೆ?"

"ಅದಾಗಲ್ಲ," ಎಂದ ಪಟೇಲ. ಮುಖದಲ್ಲಿ ನಗೆ ಉಳಿದಿರಲಿಲ್ಲ. "ಇವ್ರ ಮೇಲೆ ಬೀಸಿದ ಗಾಳಿ ನಮ್ಮ ಅಡಿಗೆಮನೆಗೆ ಬರೋದಾ? ದಿಬ್ಬದ ಮೇಲೆ ಒಂದು ಗಳ ನೆಟ್ರೂ ನಾಳೆಯಿಂದ ನಿಮಗೆ ಹಾಲಿಲ್ಲ, ತರಕಾರಿ ಇಲ್ಲ. ಅಂದಂಗೆ, ತಾವು ಯಾವ ಜನ?"

"ದಂಡಿನ ಜನ," ಎಂದ ಜವರಪ್ಪ. ಮಾತು ಗಟ್ಟಿಯಾಗಿಯೇ ಬಂತು. ಆದರೆ ಅವನ ಕಣ್ಣು ಪಾಳ್ಯದ ಡೇರೆಗಳ ಸಾಲಿನ ಮೇಲಿತ್ತು. ಅಷ್ಟೂ ಡೇರೆಗಳಿಗೆ ಬೆಳಗಾದರೆ ಹಾಲು ಬೇಕು.

ಪಟೇಲ ದನಿ ಇಳಿಸಿದ. "ಮನೆ ಎತ್ತಬ್ಯಾಡಿ ಅಂತ ನಾನೆಲ್ಲಂದೆ? ಇನ್ನೂ ಅತ್ಲಾಗೆ ಹೋಗ್ಲಿ. ಸುಡುಗಾಡು ದಾಟಿದ್ರೆ ಬೇಕಾದಷ್ಟು ಜಾಗ ಐತೆ. ಬಿಟ್ಟಿ ತಗಡಿನ ಮನೆ! ನಿನ್ ಅದೃಷ್ಟ ಕಣ್ಲಾ ಆವಲಾ."

"ಅಷ್ಟು ದೂರಕ್ಕೆ ವಾಸ್ನೆ ಮುಟ್ಟಲ್ಲ," ಎಂದ ಜವರಪ್ಪ ಬೇಗಬೇಗನೆ.

"ಸೋರಾಕಿಲ್ಲ ಕಣವ್ವ," ಎಂದ ಆವಲಪ್ಪ. "ಕೂಸಿಗೂ ಬೆಚ್ಚಗಿರ್ತದೆ."

"ಅಲ್ಲಿ ನೀರೆಲ್ಲೈತೆ ಬುದ್ಧಿ?" ಮುತ್ತಮ್ಮ ಪಟೇಲನನ್ನು ಕೇಳಿದಳು.

"ಎಲ್ಲಿರ್ತದೆ? ಇದೇ ನಿಮ್ಮ ಕೇರಿ ಬಾವಿಗೆ ಬಂದು ಹೊತ್ಕಂಡೋಗಿ."

ಕೇರಿಯ ಬಾವಿ ಗುಂಡಿಯ ಕೆಳಗಿನ ಇಳಿಜಾರಿನಲ್ಲೇ ಇತ್ತು. ಜವರಪ್ಪ ಅದನ್ನು ಈಗ ನೋಡಿದ. ಒಂದು ಸಲ ನೋಡಿ, ಸುಣ್ಣದ ಮೂಟೆಗಳ ಕಡೆ ತಿರುಗಿದ.

ಮುತ್ತಮ್ಮ ಮತ್ತೆ ಕೂತಳು. ಕೊನೆಗೆ ಜವರಪ್ಪನೇ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಅವಳತ್ತ ಕೈ ಚಾಚಿದ. "ಬಾಮ್ಮ, ಮೇಲಕ್ಕೆ ಬಾ. ನಾಳೆನೇ ಲಾರಿ ಕಳಿಸ್ತೀನಿ."

ಪಟೇಲ ಮುಖ ಪಕ್ಕಕ್ಕೆ ತಿರುಗಿಸಿದ. ಬೂಟು ಹಾಕಿದ ಮನುಷ್ಯನೊಬ್ಬ ಅವಳಿಗೆ ಕೈ ನೀಡಿದ್ದು ಅದೇ ಮೊದಲು. ಉಗುರು ಕತ್ತರಿಸಿದ, ಸೋಪಿನ ವಾಸನೆಯ ಕೈ. ಮುತ್ತಮ್ಮ ಅದನ್ನು ಬಹಳ ಹೊತ್ತು ನೋಡಿದಳು.

"ಬ್ಯಾಡ," ಎಂದಳು. "ನಾ ಬರಾಕಿಲ್ಲ."