ಪೂರ್ಣಿಮಾಳನ್ನು ನೋಡಲು ಬಂದ ದಿನ

ವಿಜಯನ ಹಣೆಯಿಂದ ಬೆವರು ದಳದಳ ಇಳಿಯತೊಡಗಿತು. ತಲೆ ಸಿಡಿದುಹೋಗುವಂತೆ ನೋಯುತ್ತಿತ್ತು. ಕಬ್ಬಿನ ಟ್ರ್ಯಾಲಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗಿನಿಂದ ಮೂತ್ರ ಕಟ್ಟಿದ್ದು ಅವನಿಗೆ ತಿಳಿಯುತ್ತಿರಲಿಲ್ಲ. ಹೀಗೆ ಬೆವರಿ ತಲೆ ನೋಯತೊಡಗಿದರೆ ಕೂಡಲೇ ಪೈಪು ಹಾಕಿ ಮೂತ್ರ ತೆಗೆಯಬೇಕು, ತಡವಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ತಂಗಿ ಪೂರ್ಣಿಮಾಳನ್ನು ನೋಡಲು ಗಲಗಲಿಯಿಂದ ಬಂದ ಗಂಡಿನ ಕಡೆಯವರು ಅವನ ಮಂಚದ ಎದುರಿಗೇ ಕುಳಿತಿದ್ದರು.

ತನ್ನಿಂದ ಸಂಬಂಧ ಮುರಿದೀತೆಂದು ಅವನು ಹಲ್ಲು ಕಚ್ಚಿ ನೋವು ತಡೆದುಕೊಂಡ. ಕಣ್ಣು ಮಂಜಾದವು. ಕೊನೆಗೆ ಹೆಂಡತಿಯನ್ನು ಕೂಗಿಯೇಬಿಟ್ಟ: "ವೈಶಾಲಿ, ಲಗೂನ ಬಾ! ಉಚ್ಚಿ ಪೈಪ್ ಹಾಕಬೇಕು!"

ಪೂರ್ಣಿಮಾ ಚಹದ ತಾಟನ್ನು ನೆಲಕ್ಕಿಟ್ಟು ಓಡಿಬಂದು, ಅಣ್ಣನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು. "ವೈನಿ, ಪೈಪ್ ತೊಗೊಂಡ ಬರ್ರಿ, ನಾ ಹಿಡಕೊಂಡೇನಿ," ಎಂದವಳು ಬಂದವರತ್ತ ತಿರುಗಿದಳು. "ನೀವು ಹೊರಗ ಕುಂದರ್ರಿ. ನನಗ ಮೊದಲ ನಮ್ಮಣ್ಣ."

ಯಾರೂ ಅಲುಗಾಡಲಿಲ್ಲ. ಆಮೇಲೆ ಗಂಡಿನ ತಾಯಿ ಸಾವಕ್ಕ ಎದ್ದಳು. "ಏನ ನೋಡಾಕತ್ತೀರಿ? ನಡೀರಿ ಹೊರಗ," ಎಂದು ಗಂಡಸರನ್ನೆಲ್ಲ ಅಂಗಳಕ್ಕೆ ಅಟ್ಟಿ, ತಾನೂ ಹೊರಬಂದು ಬಾಗಿಲ ಪರದೆ ಎಳೆದಳು. ಪರದೆಯಾಚೆಯಿಂದ ಅವಳ ದನಿ ವಿಜಯನಿಗೆ ಕೇಳಿಸಿತು: "ನಿಮ್ಮ ಕೆಲಸ ನೀವು ಮಾಡ್ರೆವ್ವಾ. ನಾವೇನ ಎದ್ದ ಹೋಗೂದಿಲ್ಲ."